ಬೀಸುಕಲ್ಲಿನ ಗೂಟ, ಜೀಪಿನ ಕ್ರ್ಯಾಂಕು

ಮಕ್ಕಳೇ, ಈ ವಾರ ಒಂದು ಎಂಜಿನ್ನಿನ ಕಥೆ ಹೇಳುತ್ತೇನೆ. ಎಂಜಿನ್ ಇರುವುದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ. ಆದರೆ ಅದರ ಕಥೆ ಅರ್ಧ ನಡೆದದ್ದು ನಮ್ಮ ದೊಡವಾಡದ ಹಿತ್ತಲಿನಲ್ಲಿ. ಅಜ್ಜ-ಅಜ್ಜಿಯರೂ ಪಕ್ಕದಲ್ಲಿ ಕೂತು ಕೇಳಬಹುದು, ಅವರಿಗೂ ಇದರಲ್ಲಿ ಪಾಲಿದೆ.

ನನ್ನ ಮಗಳ ಮಗ ಅಲ್ಲಿ ಡೆಟ್ರಾಯಿಟ್ ಹತ್ತಿರ ಇರುತ್ತಾನೆ. ಹದಿನೇಳು ವರ್ಷದವ. ಪ್ರತಿ ರವಿವಾರ ಸಂಜೆ ಏಳೂವರೆಗೆ ಫೋನು ಬರುತ್ತದೆ. ಅಲ್ಲಿ ಆಗ ಬೆಳಗಿನ ಹತ್ತು ಗಂಟೆ. ವರ್ಷಗಟ್ಟಲೆ ನಮ್ಮಿಬ್ಬರ ಮಾತು ಇಷ್ಟೇ ಇತ್ತು.

"ನಾಷ್ಟಾ ಆತೇನಪಾ?"

"ಆತು ಅಜ್ಜಾ."

"ಸಾಲಿ ಹೆಂಗ ನಡದೈತಿ?"

"ಚಲೋ ಐತಿ."

"ತಡಿ, ಆಯಿ ಕೈಯಾಗ ಕೊಡ್ತೇನಿ."

ಆಯಿ ಎಂದರೆ ಅವನ ಅಜ್ಜಿ, ನನ್ನ ಹೆಂಡತಿ. ಅವಳೊಂದಿಗೂ ಇನ್ನೆರಡು ಮಾತು, ಅಷ್ಟಕ್ಕೆ ಮುಗಿಯಿತು. ಅವನಿಗೆ ಪ್ರೀತಿ ಇಲ್ಲವೆಂದಲ್ಲ, ನನಗೂ ಇಲ್ಲವೆಂದಲ್ಲ. ಆಡಲು ವಿಷಯವೇ ಇರಲಿಲ್ಲ. ಅವನ ಆಟ ನನಗೆ ತಿಳಿಯದು, ನಮ್ಮ ಹೊಲ ಅವನಿಗೆ ತಿಳಿಯದು.

ಹೋದ ವರ್ಷ ಒಂದು ರವಿವಾರ ಅವನೇ ಕೇಳಿದ: "ಅಜ್ಜಾ, ನೀ ಯಾವಾಗರ ಎಂಜಿನ್ ಬಿಚ್ಚೀಯೇನ?"

"ಬಿಚ್ಚೀಯೇನ ಅಂತ ಕೇಳ್ತೀಯಲ್ಲೋ! ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡಿಸೇನಿ. ಬಿಚ್ಚೂದ ಆಗಿತ್ತು, ಕೂಡಿಸೂದ ಆಗಿತ್ತು."

ಅವತ್ತು ನಾವು ಮುಕ್ಕಾಲು ತಾಸು ಮಾತಾಡಿದೆವು. ಆಯಿಗೆ ಫೋನು ಸಿಗಲೇ ಇಲ್ಲ.

ಅವನು ಕೂಡಿಟ್ಟ ದುಡ್ಡಿನಲ್ಲಿ 1990ರ ದಶಕದ ಒಂದು ಹಳೆಯ ಜೀಪ್ ಚೆರೋಕಿ ಕೊಂಡಿದ್ದ. ಆರು ಸಿಲಿಂಡರು ಸಾಲಾಗಿ ನಿಂತ, ನಾಲ್ಕು ಲೀಟರಿನ ಪೆಟ್ರೋಲ್ ಎಂಜಿನ್. ಹೊಗೆ ಕಾರುತ್ತಿತ್ತು. ಹೇಗೂ ಬಿಚ್ಚಬೇಕು, ಬಿಚ್ಚಿದ ಮೇಲೆ ಮೊದಲಿನಂತೆಯೇ ಯಾಕೆ ಕೂಡಿಸಬೇಕು, ಇನ್ನೂ ಬಲ ಬರುವಂತೆ ಕೂಡಿಸುತ್ತೇನೆ ಎಂದು ಅವನ ಹಟ. ಮಿಶಿಗನ್ ಸರೋವರದ ದಂಡೆಗೆ ಸಿಲ್ವರ್ ಲೇಕ್ ಎಂಬಲ್ಲಿ ದೊಡ್ಡ ದೊಡ್ಡ ಮರಳು ದಿಬ್ಬಗಳಿವೆ. ಅಲ್ಲಿ ಜೀಪು ಹತ್ತಿಸುವುದೇ ಒಂದು ಆಟ. ಗೆಳೆಯರೊಂದಿಗೆ ಅಲ್ಲಿಗೆ ಹೋಗಬೇಕು.

"ಅಜ್ಜಾ, ಇದಕ್ಕ ಸ್ಟ್ರೋಕರ್ ಅಂತಾರ" ಅಂದ.

ಆ ಮಾತು ನನಗೆ ಹೊಸದು. ಆದರೆ ಸ್ಟ್ರೋಕ್ ಎಂದರೇನು ಎಂಬುದು ಗಿರಣಿಯವನಿಗೆ ಗೊತ್ತಿರಲೇಬೇಕು. ನಿಮಗೂ ಹೇಳುತ್ತೇನೆ.

ಸೈಕಲ್ ತುಳಿಯುವಾಗ ನಿಮ್ಮ ಕಾಲು ನೋಡಿಕೊಳ್ಳಿ. ಮೊಣಕಾಲು ಮೇಲೆ ಕೆಳಗೆ ಆಡುತ್ತದೆ, ಪೆಡಲು ದುಂಡಗೆ ತಿರುಗುತ್ತದೆ. ಎಂಜಿನ್ನಿನಲ್ಲೂ ಹೀಗೆಯೇ. ಮೊಣಕಾಲಿನ ಜಾಗದಲ್ಲಿ ಪಿಸ್ಟನ್, ಕೆಳಗಾಲಿನ ಜಾಗದಲ್ಲಿ ಕನೆಕ್ಟಿಂಗ್ ರಾಡು, ಪೆಡಲಿನ ತೋಳಿನ ಜಾಗದಲ್ಲಿ ಕ್ರ್ಯಾಂಕು. ಸಿಲಿಂಡರಿನಲ್ಲಿ ಪೆಟ್ರೋಲು ಉರಿದು ಪಿಸ್ಟನ್ನನ್ನು ಕೆಳಗೆ ದಬ್ಬುತ್ತದೆ, ಕ್ರ್ಯಾಂಕು ತಿರುಗುತ್ತದೆ, ಗಾಲಿ ಓಡುತ್ತದೆ. ಸಿಲಿಂಡರಿನ ಅಗಲಕ್ಕೆ ಬೋರ್ ಎನ್ನುತ್ತಾರೆ. ನಮ್ಮೂರಲ್ಲಿ ಬೋರ್ ಅಂದರೆ ನೀರಿನದು, ಇದು ಬೇರೆ! ಪಿಸ್ಟನ್ ಮೇಲಿಂದ ಕೆಳಗೆ ಓಡಾಡುವ ದೂರಕ್ಕೆ ಸ್ಟ್ರೋಕ್ ಎನ್ನುತ್ತಾರೆ. ಕ್ರ್ಯಾಂಕಿನ ತೋಳು ಎಷ್ಟಿದೆಯೋ ಅದರ ಎರಡರಷ್ಟು ಸ್ಟ್ರೋಕ್.

ಬೋರ್ ದೊಡ್ಡದು ಮಾಡಬೇಕೆಂದರೆ ಸಿಲಿಂಡರನ್ನು ಕೊರೆಯಬೇಕು. ಕೊರೆದಷ್ಟೂ ಗೋಡೆ ತೆಳ್ಳಗಾಗುತ್ತದೆ, ಆದ್ದರಿಂದ ಸ್ವಲ್ಪವೇ ಕೊರೆಯಬಹುದು. ಇನ್ನೊಂದು ದಾರಿ ಎಂದರೆ ಕ್ರ್ಯಾಂಕಿನ ತೋಳು ಉದ್ದ ಮಾಡುವುದು. ಸ್ಟ್ರೋಕ್ ಹೆಚ್ಚಿಸಿದ ಇಂಥ ಎಂಜಿನ್ನಿಗೇ ಸ್ಟ್ರೋಕರ್ ಎಂದು ಹೆಸರು.

"ತೋಳು ಉದ್ದ ಆದ್ರ ಬಲ ಯಾಕ ಬರತೈತಿ, ಹೇಳು ನೋಡೋಣ" ಅಂದೆ. ಅವನು ಇಂಗ್ಲಿಷಿನಲ್ಲಿ ಏನೋ ಹೇಳತೊಡಗಿದ. "ತಡಿ" ಎಂದು ಫೋನು ಹಿಡಿದುಕೊಂಡೇ ಹಿತ್ತಲಿಗೆ ಹೋದೆ. ಅಲ್ಲಿ ನಮ್ಮ ಅವ್ವನ ಕಾಲದ ಬೀಸುಕಲ್ಲಿದೆ. ಆಯಿ ಬಂದು ಕೂತು, ಗೂಟ ಹಿಡಿದು ತಿರುವಿ ತೋರಿಸಿದಳು.

"ನೋಡೋ ಕೂಸ, ಗೂಟ ನಡುವಿಗೆ ಹತ್ತಿರ ಇದ್ರ ರಟ್ಟಿ ಬಿದ್ದು ಹೋಗತಾವ. ಅಂಚಿಗಿದ್ರ ಹಗುರ ತಿರಗತೈತಿ. ಆದ್ರ ಕೈ ದೂರ ಸುತ್ತಬೇಕು."

ಪಿಸ್ಟನ್ನಿನ ಮಾತೂ ಅದೇ. ಅದೇ ದಬ್ಬು, ತೋಳು ಉದ್ದ, ತಿರುಚುವ ಬಲ ಹೆಚ್ಚು. ಪಿಸ್ಟನ್ ಓಡುವ ದೂರ ಹೆಚ್ಚಾದ್ದರಿಂದ ಸಿಲಿಂಡರಿನೊಳಗೆ ಬರುವ ಗಾಳಿಯೂ ಹೆಚ್ಚು. ಅದಕ್ಕೆ ತಕ್ಕಂತೆ ಪೆಟ್ರೋಲೂ ಹೆಚ್ಚು ಬೇಕು.

ಆಯಿ ಹೇಳಿದ ಕೊನೆಯ ಮಾತೂ ಲೆಕ್ಕಕ್ಕೆ ಬರುತ್ತದೆ. ಕೈ ದೂರ ಸುತ್ತಬೇಕು, ಹಾಗೆಯೇ ಪಿಸ್ಟನ್ ಹೆಚ್ಚು ಜೋರಾಗಿ ಓಡಬೇಕು. ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ ಮೊಮ್ಮಗನ ಹಳೆಯ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 11.6 ಮೀಟರ್. ಸ್ಟ್ರೋಕರ್ ಮಾಡಿದ ಮೇಲೆ 13.2 ಮೀಟರ್. ಆದ್ದರಿಂದ ಇಂಥ ಎಂಜಿನ್ ಚೀರಿಸಿ ಓಡಿಸಲಿಕ್ಕಲ್ಲ. ಕೆಸರು, ಮರಳು, ದಿಬ್ಬ ಇರುವಲ್ಲಿ ಸಾವಕಾಶ ಜಗ್ಗಲಿಕ್ಕೆ.

ಹಳೆಯ ವಿಲ್ಲೀಸ್ ಜೀಪು ಎರಡನೆಯ ಮಹಾಯುದ್ಧದ ಕೆಸರಿನಲ್ಲಿ ಹೆಸರು ಮಾಡಿದ್ದು ಇಂಥ ಉದ್ದ ಸ್ಟ್ರೋಕಿನ ಎಂಜಿನ್ನಿನಿಂದಲೇ. ಬೋರ್ 79.4 ಮಿ.ಮೀ., ಸ್ಟ್ರೋಕ್ 111.1 ಮಿ.ಮೀ., ನಾಲ್ಕು ಸಿಲಿಂಡರು. ನಮ್ಮ ಸೀಮೆಯ ಬಾವಿಗಳ ದಂಡೆಯಲ್ಲಿ ದುಡಿದ ಕಿರ್ಲೋಸ್ಕರ್ ಎ.ವಿ.1 ಡೀಸೆಲ್ ಎಂಜಿನ್ ನೋಡಿ: ಬೋರ್ 80, ಸ್ಟ್ರೋಕ್ 110, ಒಂದೇ ಸಿಲಿಂಡರು. ಅಳತೆಯಲ್ಲಿ ಇಬ್ಬರೂ ಅಣ್ಣತಮ್ಮಂದಿರಂತೆ. ಇದನ್ನು ಹೇಳಿದಾಗ ಮೊಮ್ಮಗ ನಕ್ಕ. ಕಿರ್ಲೋಸ್ಕರ್ ಉದ್ಯಮ ಕಟ್ಟಿದ ಲಕ್ಷ್ಮಣರಾಯರು 1869ರಲ್ಲಿ ಹುಟ್ಟಿದ್ದು ಇಲ್ಲೇ ಸವದತ್ತಿ ಹತ್ತಿರದ ಗುರ್ಲಹೊಸೂರಿನಲ್ಲಿ, 1888ರಲ್ಲಿ ಸೈಕಲ್ ಅಂಗಡಿ ಇಟ್ಟಿದ್ದು ಬೆಳಗಾವಿಯಲ್ಲಿ, ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದ್ದು ಎಂದಾಗ ನಗು ನಿಲ್ಲಿಸಿ ಕೇಳಿದ.

ಈಗ ಅವನ ಎಂಜಿನ್ನಿನ ಲೆಕ್ಕಕ್ಕೆ ಬರೋಣ. ದೊಡ್ಡ ಮಕ್ಕಳು ಪೆನ್ಸಿಲು ಹಿಡಿಯಿರಿ.

ಬೋರ್ 9.84 ಸೆಂ.ಮೀ. ಆದರೆ ಸಿಲಿಂಡರಿನ ದುಂಡು ಬಾಯಿಯ ಕ್ಷೇತ್ರಫಲ 9.84 × 9.84 × 0.7854, ಅಂದರೆ 76.05 ಚದರ ಸೆಂ.ಮೀ. ಸ್ಟ್ರೋಕ್ 8.67 ಸೆಂ.ಮೀ. ಇದಕ್ಕೆ ಗುಣಿಸಿ, ಆರು ಸಿಲಿಂಡರಿಗೂ ಗುಣಿಸಿದರೆ 3956 ಸಿ.ಸಿ. ಇದೇ ಅವನ ನಾಲ್ಕು ಲೀಟರು. ಅದೇ ಮನೆತನದ ಇನ್ನೂ ಹಳೆಯ 4.2 ಲೀಟರಿನ ಎಂಜಿನ್ ಒಂದಿತ್ತು. ಅದರ ಸ್ಟ್ರೋಕ್ 9.89 ಸೆಂ.ಮೀ. ಅದರ ಕ್ರ್ಯಾಂಕು ಇವನ ಬ್ಲಾಕಿನಲ್ಲಿ ಕೂರುತ್ತದೆ. ಕೂರಿಸಿದರೆ 4513 ಸಿ.ಸಿ. ಅಂದರೆ 557 ಹೆಚ್ಚು. ನಮ್ಮ ಎ.ವಿ.1 ಎಂಜಿನ್ ಇಡಿಯಾಗಿ 553 ಸಿ.ಸಿ. ಇದೆ. ಬ್ಲಾಕು ಒಂದು ಕೂದಲೆಳೆ ಬೆಳೆಯದೆ ಅದರೊಳಗೆ ಒಂದು ಪಂಪಿನ ಎಂಜಿನ್ ಬಂದು ಸೇರಿದಂತಾಯಿತು!

ಅವನು ಗುಜರಿಯಲ್ಲಿ ಹುಡುಕಿ ಆ ಹಳೆಯ ಕ್ರ್ಯಾಂಕು ತಂದ. ಕ್ರ್ಯಾಂಕು ಮಾತ್ರ. "ನಾಳೆ ಕೂಡಿಸ್ತೇನಿ" ಅಂದ.

ನಾನು ಕೇಳಿದೆ: "ತೋಳು ಎಷ್ಟು ಉದ್ದ ಆತಪಾ?"

"6.1 ಮಿಲಿಮೀಟರ್."

"ಹಂಗಾರ ಪಿಸ್ಟನ್ ಮೊದಲಿಗಿಂತ 6.1 ಮ್ಯಾಲೆ ಏರತೈತಿ. ಮ್ಯಾಲೆ ಜಾಗಾ ಐತೇನ?"

ಸ್ವಲ್ಪ ಹೊತ್ತು ಸುಮ್ಮನಾದ. ಜಾಗ ಇರಲಿಲ್ಲ. ಮೊದಲು ಪಿಸ್ಟನ್ ಏರಿ ನಿಲ್ಲುತ್ತಿದ್ದದ್ದೇ ಬ್ಲಾಕಿನ ಅಂಚಿಗೆ ಅರ್ಧ ಮಿ.ಮೀ. ಕೆಳಗೆ. ಮೇಲೆ ಹೆಡ್ ಮುಚ್ಚಿದೆ. ಏನು ಮಾಡಬೇಕು? ಒಂದು ತುಂಡು ಉದ್ದ ಮಾಡಿದರೆ ಇನ್ನೊಂದು ತುಂಡು ಗಿಡ್ಡ ಆಗಬೇಕು. ಮುಂದಿನ ವಾರ ಅವನೇ ಹುಡುಕಿ ಹೇಳಿದ: ನಾಲ್ಕು ಲೀಟರಿನ ಎಂಜಿನ್ನಿನ ರಾಡು 155.6 ಮಿ.ಮೀ., 4.2ರದ್ದು 149.2 ಮಿ.ಮೀ. ಮತ್ತೆ ಗುಜರಿಗೆ ಹೋಗಿ ಆ ಆರು ಗಿಡ್ಡ ರಾಡು ತಂದ. ನೀವೇ ಕಳೆದು ನೋಡಿ. ಕ್ರ್ಯಾಂಕು ಎತ್ತಿದ್ದನ್ನು ರಾಡು ಇಳಿಸಿತು, ಪಿಸ್ಟನ್ ಹೆಚ್ಚುಕಡಿಮೆ ಮೊದಲಿನ ಜಾಗಕ್ಕೇ ಬಂದು ನಿಂತಿತು.

ಇಲ್ಲಿಯ ತನಕ ಎಲ್ಲ ಸುಖ. ಜಗಳ ಆದದ್ದು ಆಮೇಲೆ.

ರಾತ್ರಿಯೆಲ್ಲ ಕೂತು ಎಂಜಿನ್ ಕೂಡಿಸಿದ್ದ. ಹೆಡ್ ಮುಚ್ಚಿ ಬೋಲ್ಟು ಬಿಗಿದಿದ್ದ. ಮುಂದಿನ ಶನಿವಾರ ಗೆಳೆಯರೆಲ್ಲ ದಿಬ್ಬಕ್ಕೆ ಹೊರಟಿದ್ದರು. "ಇವತ್ತ ಚಾಲೂ ಮಾಡ್ತೇನಿ" ಅಂದ.

"ಕೈಲೆ ತಿರುವಿ ನೋಡಿದಿ?"

"ಇಲ್ಲ. ಎಲ್ಲಾ ಸರಿ ಐತಿ."

"ಹೆಡ್ ಮೊದಲ ಒಮ್ಮೆ ಕಾದು ಸೊಟ್ಟ ಆಗಿತ್ತು, ಫೇಸಿಂಗ್ ಮಾಡಿಸೇನಿ ಅಂದಿದ್ದಿ. ಎಷ್ಟು ತೆಗದಾರ? ಈಗ ವಾಲ್ವಿಗೂ ಪಿಸ್ಟನ್ನಿಗೂ ನಡು ಎಷ್ಟು ಜಾಗಾ ಉಳದೈತಿ? ಹೆಡ್ ಇಳಿಸಿ ನೋಡಪಾ."

"ಅಜ್ಜಾ, ನೀ ಗಿರಣಿ ಎಂಜಿನ್ ಕಂಡಾಂವ. ಇದು ಬ್ಯಾರೆ."

ಅಷ್ಟಂದು ಫೋನಿಟ್ಟ. ನಾನು ಫೋನು ಕೈಯಲ್ಲಿ ಹಿಡಿದುಕೊಂಡು ಕೂತೆ. ಆಯಿ ಬಂದು "ಯಾಕ, ಕಟ್ಟಾತೇನ?" ಅಂದಳು. "ಹೂಂ" ಅಂದೆ.

ನನಗೆ ಸಿಟ್ಟು ಬಂದದ್ದು ಸುಳ್ಳಲ್ಲ. ಆದರೆ ಅವನ ವಯಸ್ಸಿನಲ್ಲಿ ಇರಲಿ, ಮೂವತ್ತರ ಹರೆಯದಲ್ಲೂ ನಾನು ಇದನ್ನೇ ಮಾಡಿದ್ದೆ. ಎಲ್ಲಮ್ಮನ ಜಾತ್ರೆಯ ಮುಂಚಿನ ದಿನಗಳು. ಊರಿನ ಅರ್ಧ ಚಕ್ಕಡಿಗಳು ಸವದತ್ತಿ ಗುಡ್ಡಕ್ಕೆ ಹೊರಡಬೇಕು. ಬುತ್ತಿಗೆ ಸಜ್ಜಿರೊಟ್ಟಿ, ಜೋಳದ ರೊಟ್ಟಿ ಬೇಕು, ಹಿಟ್ಟು ಬೇಕು. ಗಿರಣಿ ಮುಂದೆ ಡಬ್ಬಿ, ಬುಟ್ಟಿಗಳ ಸಾಲು. ಆಗಲೇ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋಯಿತು. ಕೈಗೆ ಸಿಕ್ಕ ಗ್ಯಾಸ್ಕೆಟ್ ಹಾಕಿದೆ. ಮೊದಲಿನದಕ್ಕಿಂತ ತೆಳ್ಳಗಿತ್ತು. ನನಗೆ ಕೆಲಸ ಕಲಿಸಿದ ಬೈಲಹೊಂಗಲದ ಮಿಸ್ತ್ರಿ ಒಂದು ಪಾಠ ಹೇಳಿದ್ದರು: ಹೆಡ್ ಬಿಚ್ಚಿದಾಗಲೆಲ್ಲ ಪಿಸ್ಟನ್ನಿನ ನೆತ್ತಿಯ ಮೇಲೆ ಸೀಸದ ತಂತಿ ಇಟ್ಟು, ಹೆಡ್ ಬಿಗಿದು, ಕೈಯಿಂದ ಒಂದು ಸುತ್ತು ತಿರುವಬೇಕು. ಮತ್ತೆ ಬಿಚ್ಚಿ, ಚಪ್ಪಟೆಯಾದ ತಂತಿಯ ದಪ್ಪ ಅಳೆಯಬೇಕು. ಅಷ್ಟೇ ಜಾಗ ಮೇಲೆ ಉಳಿದಿದೆ ಎಂದು ಅರ್ಥ. ಇದಕ್ಕೆ ಬಂಪಿಂಗ್ ಕ್ಲಿಯರೆನ್ಸ್ ನೋಡುವುದು ಎನ್ನುತ್ತೇವೆ. ಮಂದಿ ಅವಸರ ಮಾಡುತ್ತಿದ್ದರು. ನಾನು ತಂತಿ ಇಡಲಿಲ್ಲ. ಹ್ಯಾಂಡಲ್ ಹೊಡೆದೆ. ಚಾಲೂ ಆಯಿತು. ಬಿಸಿಯಾಗುತ್ತಿದ್ದಂತೆ ಠಣ್, ಠಣ್. ಓಡಿ ಬಂದು ನಿಲ್ಲಿಸುವಷ್ಟರಲ್ಲಿ ವಾಲ್ವು ಬಾಗಿತ್ತು, ರಾಡು ಸೊಟ್ಟಗಾಗಿತ್ತು.

ಎಂಟು ದಿನ ಗಿರಣಿ ಬಂದ್. ಒಂದು ತಾಸು ಉಳಿಸಲು ಹೋಗಿ ಎಂಟು ದಿನ ಕಳೆದೆ. ಆ ಎಂಟೂ ದಿನ ನಮ್ಮ ಅವ್ವ ಮೂಲೆಯಲ್ಲಿದ್ದ ಬೀಸುಕಲ್ಲು ತೊಳೆದು ಅಂಗಳಕ್ಕೆ ತಂದಳು. ಓಣಿಯ ಹೆಣ್ಣುಮಕ್ಕಳು ಪಾಳಿ ಹಚ್ಚಿ ರಾತ್ರಿ ಬೀಸಿದರು. ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಇದನ್ನೆಲ್ಲ ಮೊಮ್ಮಗನಿಗೆ ನಾನು ಎಂದೂ ಹೇಳಿರಲಿಲ್ಲ. ಅಜ್ಜಂದಿರು ತಾವು ಗೆದ್ದ ಕಥೆಯನ್ನೇ ಹೇಳುತ್ತೇವೆ. ಅವತ್ತು ರಾತ್ರಿ ಮಗಳ ಫೋನಿಗೆ ನನ್ನ ದನಿಯಲ್ಲೇ ಈ ಕಥೆ ಹೇಳಿ ಕಳಿಸಿದೆ. "ಬಿಚ್ಚು" ಎಂದು ಮತ್ತೆ ಹೇಳಲಿಲ್ಲ.

ಮುಂದಿನ ರವಿವಾರ ಫೋನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಆಯಿ ಏಳೂವರೆಗೆ ಫೋನು ಚಾರ್ಜಿಗೆ ಹಾಕುವುದು, ತೆಗೆಯುವುದು ಮಾಡುತ್ತಿದ್ದಳು.

ಮೂರನೆಯ ವಾರ ಮಂಗಳವಾರ ಬೆಳಿಗ್ಗೆ ಒಂದು ವಿಡಿಯೊ ಬಂತು. ಅವನು ಹೆಡ್ ಇಳಿಸಿದ್ದ. ಸಣ್ಣ ಮಕ್ಕಳು ಗೊಂಬೆ ಮಾಡುವ ಮೆತ್ತನೆಯ ಕ್ಲೇ ಇರುತ್ತದಲ್ಲ, ಅದನ್ನು ಪಿಸ್ಟನ್ನಿನ ಮೇಲೆ ಅಂಟಿಸಿ, ಹೆಡ್ ಬಿಗಿದು, ಸ್ಪಾರ್ಕ್ ಪ್ಲಗ್ ತೆಗೆದು, ಕೈಯಿಂದ ಕ್ರ್ಯಾಂಕನ್ನು ಎರಡು ಸುತ್ತು ತಿರುವಿದ್ದ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ವಾಲ್ವುಗಳು ಎಲ್ಲ ಒಂದು ಸಲ ತೆರೆದು ಮುಚ್ಚಲು ಕ್ರ್ಯಾಂಕು ಎರಡು ಸುತ್ತು ತಿರುಗಬೇಕು. ಆಮೇಲೆ ಕ್ಲೇಯನ್ನು ಚಾಕುವಿನಿಂದ ಕೊಯ್ದು ಅಳೆದಿದ್ದ. ಸಾಕಷ್ಟು ದಪ್ಪಗಿತ್ತು. ಜಾಗ ಬೇಕಾದಷ್ಟಿತ್ತು. ನನ್ನ ಹೆದರಿಕೆ ಸುಳ್ಳಾಗಿತ್ತು.

ಆದರೆ ವಿಡಿಯೊ ಅಲ್ಲಿಗೆ ಮುಗಿಯಲಿಲ್ಲ. ಕೈಯಿಂದ ತಿರುವುವಾಗ ಪ್ರತಿ ಸುತ್ತಿನಲ್ಲೂ ಒಂದು ಕಡೆ ಹಿಡಿದಂತಾಗುತ್ತಿತ್ತಂತೆ. ಬೀಸುಕಲ್ಲಿನಲ್ಲಿ ಹರಳು ಸಿಕ್ಕಾಗ ಆಗುತ್ತದಲ್ಲ, ಹಾಗೆ. ಕೆಳಗಿನ ಎಣ್ಣೆ ತೊಟ್ಟಿ ಬಿಚ್ಚಿ ನೋಡಿದ. ರಾಡಿನ ಕೆಳಗಿನ ಅರ್ಧಕ್ಕೆ ಕ್ಯಾಪ್ ಎನ್ನುತ್ತಾರೆ. ಯಾವ ರಾಡಿನ ಕ್ಯಾಪ್ ಅದಕ್ಕೇ ಹಾಕಬೇಕು, ಅದಕ್ಕೆಂದೇ ಅಂಕಿ ಹೊಡೆದಿರುತ್ತಾರೆ. ರಾತ್ರಿ ನಿದ್ದೆಗಣ್ಣಿನಲ್ಲಿ ಮೂರರದ್ದು ನಾಲ್ಕಕ್ಕೆ, ನಾಲ್ಕರದ್ದು ಮೂರಕ್ಕೆ ಹಾಕಿದ್ದ. ಹಾಗೆಯೇ ಚಾಲೂ ಮಾಡಿದ್ದರೆ ಬೇರಿಂಗು ಕಾದು, ಸವೆದು, ಅಷ್ಟು ಕಷ್ಟದಿಂದ ತಂದ ಕ್ರ್ಯಾಂಕು ಹಾಳಾಗುತ್ತಿತ್ತು.

ವಿಡಿಯೊದ ಕೊನೆಗೆ ಅವನ ಮುಖ ಬಂತು. ಗಲ್ಲಕ್ಕೆ ಎಣ್ಣೆ ಹತ್ತಿತ್ತು. "ಅಜ್ಜಾ, ನೀ ಹೇಳಿದ್ದು ತಪ್ಪಿತ್ತು. ಆದ್ರ ಬಿಚ್ಚಿದ್ದು ಚಲೋ ಆತು" ಅಂದ.

ಹೌದು, ಅವನು ಹೇಳಿದ್ದು ಖರೆ. ತಪ್ಪು ಎಲ್ಲಿದೆ ಎಂದು ನನಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಕೈಗೆ. ಯಂತ್ರ ತಾನಾಗಿ ತಿರುಗತೊಡಗಿದ ಮೇಲೆ ಅದು ಯಾರ ಮಾತೂ ಕೇಳುವುದಿಲ್ಲ. ಅದಕ್ಕೆ ಮೊದಲು ಒಂದೆರಡು ಸುತ್ತು ನಾವೇ ತಿರುವಿದರೆ, ಎಲ್ಲಿ ಹಿಡಿಯುತ್ತದೆ ಎಂಬುದನ್ನು ಅದೇ ಹೇಳುತ್ತದೆ.

ಒಂದು ವಾರದ ಮೇಲೆ ನಸುಕಿನಲ್ಲಿ ಫೋನು ಬಂತು. ಗಾಬರಿಯಿಂದ ಎತ್ತಿದೆ. "ಅಜ್ಜಾ, ಆಯಿನ್ನ ಎಬ್ಬಿಸು" ಅಂದ. ಫೋನನ್ನು ಜೀಪಿನ ಮಡ್‌ಗಾರ್ಡ್ ಮೇಲಿಟ್ಟ. ಮೊದಲು ಕುಂಯ್ ಕುಂಯ್, ಆಮೇಲೆ ಒಮ್ಮೆಲೇ ಹಿಡಿಯಿತು. ಆರು ಸಿಲಿಂಡರಿನ ದನಿ, ತಗ್ಗಿದ ದನಿ, ಎಲ್ಲೂ ಟಕ್ ಎನ್ನುವುದಿಲ್ಲ. ಆಯಿ ಕಿವಿಗೆ ಹಚ್ಚಿಕೊಂಡು ಕೇಳಿ, "ಹದಕ್ಕ ಬೀಸಾಕತ್ತೈತಿ" ಅಂದಳು.

ಆ ವಿಡಿಯೊವನ್ನು ಕಟ್ಟೆಯ ಮೇಲೆ ನಾಲ್ಕು ಹುಡುಗರಿಗೆ ತೋರಿಸಿದೆ. ಪಿಯುಸಿ ಓದುವ ಒಬ್ಬ, "ಅಜ್ಜಾರ, ನಮ್ಮ ಜೀಪಿಗೂ ಹಿಂಗ ಮಾಡೋಣೇನ್ರಿ?" ಅಂದ. ಬೇಡಪ್ಪ ಅಂದೆ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೂ ನೋಂದಣಿ ಪತ್ರಕ್ಕೂ ತಾಳೆಯಾಗದಂತೆ ಗಾಡಿಯನ್ನು ಬದಲಿಸಿ ರಸ್ತೆಗೆ ತರುವಂತಿಲ್ಲ. ಮೇಲಾಗಿ, ಬಲ ಹೆಚ್ಚಿಸಿದವನು ಬ್ರೇಕನ್ನೂ ಹೆಚ್ಚಿಸಬೇಕು. ಕಲಿಯಬೇಕೆಂದರೆ ಹಳೆಯ ಪಂಪಿನ ಎಂಜಿನ್ ಬಿಚ್ಚೋಣ, ಬಾ ಅಂದೆ. ರವಿವಾರ ಬೆಳಿಗ್ಗೆ ಮೂವರು ಬರುತ್ತಿದ್ದಾರೆ.

ನೀವೂ ಒಂದು ಅಳತೆ ಮಾಡಿ ನೋಡಿ. ಸೈಕಲ್ ನಿಲ್ಲಿಸಿ, ಪೆಡಲಿನ ಕೀಲಿನ ನಡುವಿನಿಂದ ನಡು ಅಚ್ಚಿನ ತನಕ ಸ್ಕೇಲು ಹಿಡಿಯಿರಿ. ಬಂದದ್ದನ್ನು ಎರಡರಷ್ಟು ಮಾಡಿ. ಒಂದು ಸುತ್ತಿನಲ್ಲಿ ನಿಮ್ಮ ಪಾದ ಮೇಲಿಂದ ಕೆಳಗೆ ಇಳಿಯುವ ದೂರ, ಅಂದರೆ ನಿಮ್ಮ ಸೈಕಲಿನ ಸ್ಟ್ರೋಕ್, ಅಷ್ಟು. ಚೈನಿನಲ್ಲಿ ಬೆರಳು ಸಿಗದಂತೆ ನೋಡಿಕೊಳ್ಳಿ. ಅಜ್ಜನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಅವರು ತಿರುವಿದ್ದು ಏನೇನು, ರಾಟೆಯೋ, ಬೀಸುಕಲ್ಲೋ, ಪಂಪಿನ ಹ್ಯಾಂಡಲ್ಲೋ, ಕೇಳಿ.

ನಮ್ಮ ಮೊಮ್ಮಗ ಮರಳು ದಿಬ್ಬ ಹತ್ತಿದ. ನೆತ್ತಿಯ ಮೇಲೆ ಜೀಪು ನಿಂತ ಫೋಟೊ ಕಳಿಸಿದ್ದಾನೆ. ಮಳೆಗಾಲದಲ್ಲಿ ನಮ್ಮ ಎರಿಹೊಲದ ದಾರಿ ಹತ್ತಿಸಿದರೆ ಖರೆ ಎಂದು ನಾನು ಚಾಷ್ಟಿ ಮಾಡಿದೆ. ಬರುವ ಬೇಸಿಗೆ ರಜೆಗೆ ಬರುತ್ತೇನೆ, ಗಿರಣಿ ಎಂಜಿನ್ ಇಬ್ಬರೂ ಕೂಡಿ ಬಿಚ್ಚೋಣ ಅಂದಿದ್ದಾನೆ. ಸೀಸದ ತಂತಿ ಎಲ್ಲಿಟ್ಟಿದ್ದೇನೋ, ಈಗಿಂದಲೇ ಹುಡುಕುತ್ತಿದ್ದೇನೆ.